ಗರ್ಭಕೋಶದ ಬಾಯಲ್ಲಿ ದುರ್ಮಾಂಸ, ಗುಳ್ಳೆ, ಗಡ್ಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ತ್ರೀರೋಗ ವಿಭಾಗದ ಓಪಿಡಿಯಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಡಾಕ್ಟರ್ ಎದುರು ಎಲ್ಲದಕ್ಕೂ ತಲೆ ಆಡಿಸಿ ಬಂದವರು ಹೊರಗೆ ಕಾರಿಡಾರ್‌ನಲ್ಲಿ ನನ್ನ ಕೈ ಹಿಡಿದು, "ಸಿಸ್ಟರ್, ಅವರು ಏನಂದ್ರು? ನಂಗೆ ಕ್ಯಾನ್ಸರಾ?" ಅಂತ ಕೇಳುತ್ತಿದ್ದರು. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ತಪಾಸಣೆ ತಪ್ಪಿಸಬೇಡಿ. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿರಲಿ ಅಂತ ಬರೆದದ್ದು.

ಗರ್ಭಕೋಶದ ಬಾಯಿ ಅಂದ್ರೆ ಎಲ್ಲಿ?

ಒಂದು ಚೊಂಬನ್ನು ಬೋರಲು ಹಿಡಿದುಕೊಳ್ಳಿ. ಹೊಟ್ಟೆಯ ಭಾಗ ಗರ್ಭಚೀಲ, ಕೆಳಗಿರುವ ಕತ್ತು ಗರ್ಭಕಂಠ, ಇದೇ ಗರ್ಭಕೋಶದ ಬಾಯಿ. ಡಾಕ್ಟರ್‌ಗಳು ಸರ್ವಿಕ್ಸ್ ಅನ್ನುತ್ತಾರೆ. ಉದ್ದ ಸುಮಾರು 3 ಸೆಂಟಿಮೀಟರ್. ಆ ಕತ್ತಿನ ತುದಿ ಯೋನಿಯೊಳಗೆ ಇಳಿದಿರುತ್ತದೆ. ಅದಕ್ಕೇ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ) ಹಾಕಿ, ಲೈಟ್ ಬಿಟ್ಟು ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ. ಈ ಜಾಗದ ಎಷ್ಟೋ ತೊಂದರೆಗಳನ್ನು ಹೊಟ್ಟೆ ಕೊಯ್ಯದೆ ಸರಿಮಾಡಬಹುದು, ಇದನ್ನು ನೆನಪಿಟ್ಟುಕೊಳ್ಳಿ.

"ಪಾಲಿಪ್ ಇದೆ" ಅಂದ್ರು. ಕ್ಯಾನ್ಸರ್ ಅಲ್ವಾ?

ನೂರಕ್ಕೆ 99 ಸಲ ಇದು ಕ್ಯಾನ್ಸರ್ ಆಗಿರುವುದಿಲ್ಲ. ಪಾಲಿಪ್ ಅಂದರೆ ಕಂಠದ ಒಳಪದರ ಅತಿಯಾಗಿ ಬೆಳೆದು, ತೊಟ್ಟಿಗೆ ನೇತಾಡುವ ಹಣ್ಣಿನ ಹಾಗೆ ಹೊರಗೆ ಇಣುಕುವ ಮೆತ್ತನೆ ಮಾಂಸ. ಮೂಗಿನಲ್ಲಿ ದುರ್ಮಾಂಸ ಬೆಳೆಯುತ್ತದಲ್ಲ, ಅದೇ ಥರ. ಬಣ್ಣ ಕೆಂಪು ಅಥವಾ ನೇರಳೆ ಕೆಂಪು. ಕೆಲವು ಮಿಲಿಮೀಟರ್‌ನಿಂದ ಎರಡು ಮೂರು ಸೆಂಟಿಮೀಟರ್‌ವರೆಗೆ ಇರಬಹುದು. ಹೆತ್ತವರಲ್ಲಿ, 40-50ರ ವಯಸ್ಸಿನ ಆಸುಪಾಸಿನಲ್ಲಿ ಜಾಸ್ತಿ.

ಎಷ್ಟೋ ಜನರಿಗೆ ಏನೂ ತೊಂದರೆ ಇರುವುದಿಲ್ಲ, ಬೇರೆ ಯಾವುದಕ್ಕೋ ತಪಾಸಣೆಗೆ ಬಂದಾಗ ಕಾಣುತ್ತದೆ. ತೊಂದರೆ ಕೊಟ್ಟರೆ ಹೀಗೆ: ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಬಿಳಿ ಸೆರಗು ಜಾಸ್ತಿ ಹೋಗುವುದು. ತೊಂದರೆ ಏನೆಂದರೆ, ಇದೇ ಲಕ್ಷಣಗಳು ಕ್ಯಾನ್ಸರ್‌ಗೂ ಇವೆ. ಆದ್ದರಿಂದ ಹೆದರುವುದು ಬೇಡ, ಆದರೆ "ಪಾಲಿಪ್ಪೇ ಇರಬೇಕು ಬಿಡು" ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳುವುದೂ ಬೇಡ.

ಅದನ್ನು ಹೇಗೆ ತೆಗೀತಾರೆ? ತುಂಬಾ ನೋವಾಗುತ್ತಾ?

ತೊಟ್ಟು ಸಣ್ಣದಿದ್ದು ಕಣ್ಣಿಗೆ ಕಾಣುವ ಹಾಗಿದ್ದರೆ ಓಪಿಡಿಯಲ್ಲೇ ಆಗಿಬಿಡುತ್ತದೆ. ಸ್ಪೆಕ್ಯುಲಮ್ ಹಾಕಿ, ಇಕ್ಕಳದಂಥ ಫೋರ್ಸೆಪ್ಸ್‌ನಲ್ಲಿ ಪಾಲಿಪ್ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಹೋಗುತ್ತಾರೆ. ತೊಟ್ಟು ತಿರುಚಿಕೊಂಡು ಕಳಚಿ ಬರುತ್ತದೆ, ಮಾಗಿದ ಹಣ್ಣನ್ನು ಗಿಡದಿಂದ ತಿರುಚಿ ಕೀಳುತ್ತೇವಲ್ಲ ಹಾಗೆ. ಬುಡದಲ್ಲಿ ರಕ್ತ ಜಿನುಗಿದರೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸುತ್ತಾರೆ ಅಥವಾ ಕರೆಂಟಿನ ಕಾಟರಿಯಿಂದ ಸುಡುತ್ತಾರೆ. ಕೆಲವೇ ನಿಮಿಷದ ಕೆಲಸ. ಕಂಠದ ಹೊರಮೈಗೆ ನೋವಿನ ಅರಿವು ಕಡಿಮೆ, ಹಾಗಾಗಿ ಹೆಚ್ಚಿನವರಿಗೆ ಮುಟ್ಟಿನ ದಿನದ ಹಿಡಿತದಷ್ಟು ನೋವು ಬಂದು ಹೋಗುತ್ತದೆ. ಕೆಲವರಿಗೆ ಅದಕ್ಕಿಂತ ಜಾಸ್ತಿ ಆಗುವುದೂ ನಿಜ. ತಡೆಯಲಾಗದಿದ್ದರೆ "ನಿಲ್ಲಿಸಿ" ಅಂತ ಹೇಳಿ. ಮರಗಟ್ಟಿಸುವ ಇಂಜೆಕ್ಷನ್ ಕೇಳಿ. ಹಲ್ಲು ಕಚ್ಚಿ ಸಹಿಸಿದರೆ ಒಳ್ಳೆ ಹೆಂಗಸು ಅಂತ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವುದೂ ಬೇಡ.

ಪಾಲಿಪ್‌ನ ಬುಡ ಅಗಲವಾಗಿದ್ದರೆ, ಅಥವಾ ತೊಟ್ಟು ಮೇಲೆ ಎಲ್ಲಿಂದ ಹೊರಟಿದೆ ಅಂತ ಕಾಣದಿದ್ದರೆ, ಆಪರೇಷನ್ ಥಿಯೇಟರ್‌ನಲ್ಲಿ ಹಿಸ್ಟರೋಸ್ಕೋಪಿ ಮಾಡುತ್ತಾರೆ. ಸಣ್ಣ ಕ್ಯಾಮೆರಾವನ್ನು ಯೋನಿಯ ದಾರಿಯಲ್ಲೇ ಒಳಗೆ ಬಿಟ್ಟು, ಬುಡ ನೋಡಿ ತೆಗೆಯುವುದು. ಹೊಟ್ಟೆ ಮೇಲೆ ಗಾಯ ಇಲ್ಲ, ಹೊಲಿಗೆ ಇಲ್ಲ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ.

ಹೋಗುವ ಮುಂಚೆ ಎರಡು ವಿಷಯ ಹೇಳಿಬಿಡಿ. ಹೃದಯಕ್ಕೆ ಅಂತ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಮುಟ್ಟು ತಪ್ಪಿದೆಯಾ. ಇವೆರಡನ್ನೂ ಹೇಳದೆ ಮಲಗಿದವರನ್ನು ನಾನು ನೋಡಿದ್ದೇನೆ.

ಮಾತ್ರೆಯಲ್ಲಿ ಕರಗಲ್ವಾ?

ಇಲ್ಲ. ಪಾಲಿಪ್ ಕರಗಿಸುವ ಮಾತ್ರೆ ಯಾವುದೂ ಇಲ್ಲ. ಸೋಂಕು ಇದ್ದರೆ ಆಂಟಿಬಯಾಟಿಕ್ ಕೊಡುತ್ತಾರೆ, ಅದರಿಂದ ಸೆರಗು ಕಡಿಮೆಯಾಗಬಹುದು, ಪಾಲಿಪ್ ಮಾತ್ರ ಅಲ್ಲೇ ಇರುತ್ತದೆ. ಬೇವಿನ ಉಂಡೆ, ಅರಿಸಿನದ ಬತ್ತಿ, ಡೆಟಾಲ್ ನೀರು ಇವನ್ನು ದಯವಿಟ್ಟು ಒಳಗೆ ಹಾಕಬೇಡಿ. ಸುಟ್ಟ ಗಾಯ ಮಾಡಿಕೊಂಡು ಬಂದವರ ಡ್ರೆಸಿಂಗ್ ಮಾಡಿದ್ದೇನೆ, ಆ ಸಂಕಟ ಯಾರಿಗೂ ಬೇಡ.

ತೆಗೆಯದೇ ಹಾಗೇ ಬಿಟ್ಟರೆ?

ಪುಟ್ಟದು, ರಕ್ತವಿಲ್ಲ, ಮುಟ್ಟು ಇನ್ನೂ ನಿಂತಿಲ್ಲ, ಪ್ಯಾಪ್ ಟೆಸ್ಟ್ (ಕಂಠದ ಕಣಗಳನ್ನು ಕೆರೆದು ತೆಗೆದು ನೋಡುವ ಪರೀಕ್ಷೆ) ಸರಿ ಇದೆ ಅಂದರೆ ಕೆಲವು ಡಾಕ್ಟರ್‌ಗಳು "ನೋಡೋಣ" ಅನ್ನುತ್ತಾರೆ. ಅದೂ ಸರಿಯಾದ ದಾರಿಯೇ. ಕೆಲವು ಪಾಲಿಪ್‌ಗಳು ಮುಟ್ಟಿನ ಜೊತೆ ತಾವಾಗೇ ಉದುರುವುದೂ ಉಂಟು. ರಕ್ತ ಬರುತ್ತಿದ್ದರೆ, ದೊಡ್ಡದಿದ್ದರೆ, ನೋಡಲು ವಿಚಿತ್ರವಾಗಿದ್ದರೆ ತೆಗೆಸಿಕೊಳ್ಳಿ.

ನನಗೆ ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಈಗ ಸ್ವಲ್ಪ ಕಲೆ ಕಾಣ್ತಿದೆ.

ಈ ವಾರವೇ ಹೋಗಿ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಕಾರಣ ಪಾಲಿಪ್ ಇರಬಹುದು, ಒಳಪದರ ಒಣಗಿದ್ದಿರಬಹುದು. ಆದರೆ ಈ ವಯಸ್ಸಿನಲ್ಲಿ ಪಾಲಿಪ್‌ನೊಳಗೆ ಕೆಟ್ಟ ಕಣ ಇರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಕಂಠದಲ್ಲಿ ಪಾಲಿಪ್ ಇದ್ದವರ ಗರ್ಭಚೀಲದ ಒಳಗೂ ಇನ್ನೊಂದು ಇರಬಹುದು. ಅದಕ್ಕೇ ಒಳಗಿನ ಸ್ಕ್ಯಾನಿಂಗ್ ಮಾಡಿ ಪದರದ ದಪ್ಪ ನೋಡುತ್ತಾರೆ, ಬೇಕಾದರೆ ಅಲ್ಲಿಂದಲೂ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಬಯಾಪ್ಸಿ ಅನ್ನುವುದು ಇದಕ್ಕೇ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ" ಅಂತ ಮನೆಯವರು ಅಂದರೆ, ಈ ವಯಸ್ಸಾಗಿದೆ ಅಂತಲೇ ಬೇಕು ಅಂತ ಹೇಳಿ.

ಸ್ಕ್ಯಾನಿಂಗ್ ರಿಪೋರ್ಟಲ್ಲಿ "ನಬೋಥಿಯನ್ ಸಿಸ್ಟ್" ಅಂತ ಬಂದಿದೆ. ಆಪರೇಷನ್ ಬೇಕಾ?

ಬೇಡ. ಇದಕ್ಕೆ ಹೆದರಿದಷ್ಟು ಜನ ಬೇರೆ ಯಾವುದಕ್ಕೂ ಹೆದರಿದ್ದನ್ನು ನಾನು ನೋಡಿಲ್ಲ. ಕಂಠದಲ್ಲಿ ಲೋಳೆ ಉಂಟುಮಾಡುವ ಸಣ್ಣ ಗ್ರಂಥಿಗಳಿವೆ. ಅವುಗಳ ಬಾಯಿ ಮುಚ್ಚಿಕೊಂಡರೆ ಲೋಳೆ ಒಳಗೇ ತುಂಬಿ ಸಾಬಕ್ಕಿಯಂಥ ಗುಳ್ಳೆ ಆಗುತ್ತದೆ, ಅಷ್ಟೇ. ಹೆರಿಗೆ ಆದವರಲ್ಲಿ ಬಹಳ ಸಾಮಾನ್ಯ. ನಬೋಥ್ ಎಂಬ ಜರ್ಮನ್ ವೈದ್ಯನ ಹೆಸರು ಇದಕ್ಕೆ ಬಂದಿದೆ. 1707ರಲ್ಲಿ ಇವುಗಳ ಬಗ್ಗೆ ಬರೆದ ಆತ ಇವನ್ನು ಹೆಣ್ಣಿನ ಅಂಡಾಣುಗಳು ಅಂತಲೇ ತಿಳಿದಿದ್ದ! ಈಗ ನಮಗೆ ಗೊತ್ತಿದೆ, ಇವು ಬರೀ ಲೋಳೆಯ ಗುಳ್ಳೆಗಳು. ತುಂಬಾ ದೊಡ್ಡದಾಗಿ ನೋವು ಕೊಟ್ಟರೆ, ಅಥವಾ ಕಂಠದ ಪರೀಕ್ಷೆಗೇ ಅಡ್ಡ ಬಂದರೆ, ಚುಚ್ಚಿ ಖಾಲಿ ಮಾಡುತ್ತಾರೆ ಇಲ್ಲವೇ ಕಾಟರಿ ಮಾಡುತ್ತಾರೆ. ಅದೂ ಅಪರೂಪ.

"ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ, ಸುಡಬೇಕು" ಅಂದಿದ್ದಾರೆ.

ಮೊದಲು ಆ "ಹುಣ್ಣು" ಅನ್ನುವ ಮಾತನ್ನೇ ಬಿಡೋಣ. ಹಳೇ ಕಾಲದಲ್ಲಿ ಇರೋಷನ್ ಅನ್ನುತ್ತಿದ್ದರು, ಈಗಲೂ ಚೀಟಿಯಲ್ಲಿ ಹಾಗೇ ಬರೆಯುತ್ತಾರೆ. ಸರಿಯಾದ ಹೆಸರು ಎಕ್ಟ್ರೋಪಿಯನ್. ತುಟಿಯನ್ನು ಹೊರಗೆ ಮಡಚಿದರೆ ಒಳಗಿನ ಕೆಂಪು ಭಾಗ ಕಾಣುತ್ತದಲ್ಲ, ಹಾಗೆ ಕಂಠದ ಒಳಪದರ ಸ್ವಲ್ಪ ಹೊರಗೆ ಬಂದು ಕೆಂಪಗೆ ಕಾಣುತ್ತದೆ. ಅಲ್ಲಿ ಗಾಯ ಇರುವುದಿಲ್ಲ. ಹರೆಯದವರಲ್ಲಿ, ಗರ್ಭಿಣಿಯರಲ್ಲಿ, ಗರ್ಭ ನಿರೋಧಕ ಮಾತ್ರೆ ನುಂಗುವವರಲ್ಲಿ ಇದು ಸಹಜ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ತಿರುಗುವುದೂ ಇಲ್ಲ.

ತೊಂದರೆ ಇಲ್ಲದಿದ್ದರೆ ಚಿಕಿತ್ಸೆಯೂ ಬೇಡ. ಸೇರಿದಾಗಲೆಲ್ಲ ರಕ್ತ, ದಿನವೂ ಬಟ್ಟೆ ಒದ್ದೆಯಾಗುವಷ್ಟು ನೀರು ಹೋಗುವುದು ಅಂತ ಆದರೆ ಮೊದಲು ಪ್ಯಾಪ್ ಅಥವಾ ಎಚ್‌ಪಿವಿ (ಕಂಠದ ಕಣಗಳನ್ನು ಕೆಡಿಸುವ ವೈರಸ್) ಪರೀಕ್ಷೆ, ಸೋಂಕಿನ ತಪಾಸಣೆ. ಅವು ಸರಿ ಇದ್ದರೆ ಆಮೇಲೆ ಸುಡುವ ಮಾತು. ಈ ಕ್ರಮ ತಪ್ಪಬಾರದು. ಪರೀಕ್ಷೆ ಮಾಡದೆ ಸುಟ್ಟರೆ, ಅಲ್ಲಿ ನಿಜವಾಗಿ ಏನಾದರೂ ಇದ್ದರೂ ಗೊತ್ತೇ ಆಗುವುದಿಲ್ಲ. ಸುಡುವುದಕ್ಕೆ ಕಾಟರಿ ಇದೆ, ಬಿಸಿ ಮುಟ್ಟಿಸುವ ಥರ್ಮಲ್ ಯಂತ್ರ ಇದೆ. ಕ್ರಯೋ ಅಂದರೆ ಸುಡುವುದಲ್ಲ, ಗ್ಯಾಸ್‌ನಿಂದ ಹೆಪ್ಪುಗಟ್ಟಿಸುವುದು: 3 ನಿಮಿಷ ತಣ್ಣಗೆ, 5 ನಿಮಿಷ ಬಿಡುವು, ಮತ್ತೆ 3 ನಿಮಿಷ. ಇದಾದ ಮೇಲೆ ಕೆಲವು ವಾರ ನೀರು ನೀರಾಗಿ ಹೋಗುತ್ತದೆ. ಅದನ್ನು ಮುಂಚೆಯೇ ಹೇಳದೆ ಕಳಿಸಿದರೆ ಹೆಂಗಸರು ಗಾಬರಿಯಾಗಿ ವಾಪಸ್ ಬರುತ್ತಾರೆ.

ಕಂಠದಲ್ಲೇ ಫೈಬ್ರಾಯ್ಡ್ ಗಡ್ಡೆ ಇದೆ ಅಂತಾರೆ. ಅದೂ ಇಷ್ಟೇ ಸುಲಭನಾ?

ಇದು ಬೇರೆ ಮಾತು. ಫೈಬ್ರಾಯ್ಡ್ ಸ್ನಾಯುವಿನ ಗಟ್ಟಿ ಗಡ್ಡೆ. ಹೆಚ್ಚಿನವು ಗರ್ಭಚೀಲದ ಮೈಯಲ್ಲಿರುತ್ತವೆ, ಕಂಠದಲ್ಲಿ ಬೆಳೆಯುವುದು ಕಡಿಮೆ. ಆದರೆ ಕಂಠದ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಪಕ್ಕದಲ್ಲೇ ಕಿಡ್ನಿಯಿಂದ ಬರುವ ಮೂತ್ರದ ನಾಳ. ಇಕ್ಕಟ್ಟಿನ ಜಾಗ. ಗಡ್ಡೆ ಬೆಳೆದರೆ ಮೂತ್ರ ಪದೇ ಪದೇ ಬರುತ್ತದೆ, ಕೆಲವೊಮ್ಮೆ ಪೂರ್ತಿ ಕಟ್ಟಿಕೊಂಡು ರಾತ್ರೋರಾತ್ರಿ ಟ್ಯೂಬ್ ಹಾಕಿಸಬೇಕಾಗುತ್ತದೆ.

ಸಣ್ಣದಿದ್ದು ತೊಂದರೆ ಕೊಡದಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಸ್ಕ್ಯಾನಿಂಗ್ ಮಾಡಿಸುತ್ತಾ ಕಾಯಬಹುದು. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಕುಗ್ಗುವುದೇ ಸಾಮಾನ್ಯ. ಮಕ್ಕಳು ಬೇಕು ಅನ್ನುವವರಿಗೆ, ಗರ್ಭಚೀಲ ಉಳಿಸಿಕೊಳ್ಳಬೇಕು ಅನ್ನುವವರಿಗೆ ಗಡ್ಡೆ ಮಾತ್ರ ತೆಗೆಯುವ ಮಯೋಮೆಕ್ಟಮಿ ಇದೆ. ಆಪರೇಷನ್‌ಗೆ ಮುಂಚೆ ಗಡ್ಡೆ ಕುಗ್ಗಲಿ ಅಂತ ಕೆಲವು ತಿಂಗಳು ಹಾರ್ಮೋನ್ ಇಂಜೆಕ್ಷನ್ ಕೊಡುವುದುಂಟು. ಅದರಿಂದ ಮೈ ಬಿಸಿಯೇರುವುದು, ಬೆವರುವುದು ಆಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಎಂಬೋಲೈಸೇಷನ್ ಕೂಡ ಮಾಡುತ್ತಾರೆ, ಮುಂದೆ ಬಸುರಾಗುವ ಆಸೆ ಇದ್ದರೆ ಅದರ ಬಗ್ಗೆ ಮೊದಲೇ ವಿವರವಾಗಿ ಮಾತಾಡಿ. ಕಂಠದ ಫೈಬ್ರಾಯ್ಡ್ ಆಪರೇಷನ್‌ನಲ್ಲಿ ಮೂತ್ರನಾಳಕ್ಕೆ ಪೆಟ್ಟಾಗುವ ಭಯ ಇರುತ್ತದೆ, ಆದ್ದರಿಂದ ಇದನ್ನು ಮಾಡಿ ಅಭ್ಯಾಸ ಇರುವ ಸರ್ಜನ್ ಹತ್ತಿರವೇ ಹೋಗಿ. ಸ್ವಲ್ಪ ದೂರ ಆದರೂ ಪರವಾಗಿಲ್ಲ.

ಇನ್ನೊಂದು ಥರ ಇದೆ. ಗರ್ಭಚೀಲದ ಒಳಗಿನ ಫೈಬ್ರಾಯ್ಡ್ ತೊಟ್ಟು ಬಿಟ್ಟುಕೊಂಡು ಕಂಠದಿಂದ ಕೆಳಗೆ ಇಳಿದು ಬರುವುದು. ತುಂಬಾ ರಕ್ತ ಹೋಗುತ್ತದೆ. ಹಿಮೋಗ್ಲೋಬಿನ್ 6ಕ್ಕೆ ಇಳಿದು, ಬಿಳಿಚಿಕೊಂಡು, ಗೋಡೆ ಹಿಡಿದು ನಡೆದು ಬಂದ ಒಬ್ಬ ಅಕ್ಕ ಈಗಲೂ ಕಣ್ಣ ಮುಂದೆ ಇದ್ದಾರೆ. ಎಂಟು ತಿಂಗಳಿಂದ "ಮುಟ್ಟು ನಿಲ್ಲೋ ಕಾಲ, ಹೀಗೇ ಇರುತ್ತೆ" ಅಂದುಕೊಂಡಿದ್ದರಂತೆ. ರಕ್ತ ಕೊಟ್ಟು, ಯೋನಿಯ ದಾರಿಯಲ್ಲೇ ಗಡ್ಡೆ ತೆಗೆದರು. ಗರ್ಭಚೀಲ ಉಳಿಯಿತು.

ಪಾಲಿಪ್‌ಗೋ, ಬಿಳಿ ಮುಟ್ಟಿಗೋ ಗರ್ಭಚೀಲವನ್ನೇ ತೆಗೆಸಿಬಿಡಿ ಅಂತಿದ್ದಾರೆ. ಏನು ಮಾಡಲಿ?

ಸಹಿ ಹಾಕಬೇಡಿ. ಮೊದಲು ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ.

ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗೋಸ್ಕರ. ಸುಮಾರು 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಕಥೆ ಹೊರಗೆ ಬಂತು. ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಚೀಲ ತೆಗೆದಿದ್ದರು. ಎಷ್ಟೋ ಜನ ಇನ್ನೂ ಮೂವತ್ತು, ಮೂವತ್ತೈದರ ಒಳಗಿನವರು. ಅವರೇ ಬೀದಿಗಿಳಿದು ನ್ಯಾಯ ಕೇಳಿದರು. ಬೇರೆ ರಾಜ್ಯಗಳಲ್ಲೂ ಇದೇ ಆಗಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಮಾರ್ಗಸೂಚಿ ಮಾಡಿತು. ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

"ಮಕ್ಕಳಾಯ್ತಲ್ಲ, ಇನ್ಯಾಕೆ ಆ ಚೀಲ" ಅನ್ನುವ ಮಾತನ್ನು ಡಾಕ್ಟರ್ ಬಾಯಲ್ಲೂ ಕೇಳಿದ್ದೇನೆ, ಅತ್ತೆಯ ಬಾಯಲ್ಲೂ ಕೇಳಿದ್ದೇನೆ. ಕೆಲವೊಮ್ಮೆ ಹೆಂಗಸರೇ ಹಾಗೆ ಅನ್ನುತ್ತಾರೆ, ತಿಂಗಳು ತಿಂಗಳು ಹೊರಗೆ ಕೂರುವ ಕಾಟ ತಪ್ಪಲಿ, ಕೂಲಿ ತಪ್ಪದಿರಲಿ ಅಂತ. ಅವರನ್ನು ನಾನು ತಪ್ಪು ಅನ್ನಲಾರೆ. ಆದರೆ ಆಪರೇಷನ್ ಜೊತೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ಎಲ್ಲ ಕಷ್ಟ ಒಂದೇ ಸಲ ಬರುತ್ತದೆ. ಮೈಯೆಲ್ಲ ಉರಿ, ನಿದ್ದೆ ಇಲ್ಲ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಅಂಡಾಶಯ ಉಳಿಸಿದರೂ ಅವು ಬೇಗ ಸೋಲಬಹುದು.

ಗರ್ಭಚೀಲ ತೆಗೆಯಲೇಬೇಕಾದ ಸಂದರ್ಭಗಳೂ ಇವೆ: ಕ್ಯಾನ್ಸರ್, ಬೇರೆ ಯಾವುದಕ್ಕೂ ಬಗ್ಗದ ದೊಡ್ಡ ಫೈಬ್ರಾಯ್ಡ್, ಯಾವ ಔಷಧಿಗೂ ನಿಲ್ಲದ ರಕ್ತಸ್ರಾವ. ಆಗ ಹಿಂಜರಿಯಬೇಡಿ. ಬರೀ ಪಾಲಿಪ್, ಬರೀ ಗುಳ್ಳೆ, ಬರೀ ಕೆಂಪು, ಬರೀ ಬಿಳಿ ಸೆರಗು, ಇವು ಕಾರಣಗಳಲ್ಲ. ಡಾಕ್ಟರ್ ಹತ್ತಿರ ಇಷ್ಟು ಕೇಳಿ: ನನ್ನ ಕಾಯಿಲೆಯ ಹೆಸರು ಬರೆದು ಕೊಡ್ತೀರಾ? ಪ್ಯಾಪ್ ಅಥವಾ ಬಯಾಪ್ಸಿ ರಿಪೋರ್ಟ್ ಎಲ್ಲಿದೆ? ಇದಕ್ಕಿಂತ ಸಣ್ಣ ಚಿಕಿತ್ಸೆ ಇಲ್ವಾ? ಮೂರು ತಿಂಗಳು ಕಾದರೆ ಏನಾಗುತ್ತೆ? ಅಂಡಾಶಯ ಉಳಿಸ್ತೀರಾ? ಒಳ್ಳೆ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಪಾಲಿಪ್ ತೆಗೆಸಿದ ಮೇಲೆ ಹೇಗೆ ಜೋಪಾನ?

ಎರಡು ಮೂರು ದಿನ ಸ್ವಲ್ಪ ರಕ್ತ, ಕಂದು ಕಲೆ, ಕೆಳಹೊಟ್ಟೆಯಲ್ಲಿ ಹಿಡಿತ ಇರಬಹುದು. ಪ್ಯಾರಸಿಟಮಾಲ್ ಸಾಕು. ಒಂದೆರಡು ವಾರ, ಅಥವಾ ಡಾಕ್ಟರ್ ಹೇಳಿದಷ್ಟು ದಿನ, ಗಂಡ ಹೆಂಡತಿ ಸೇರುವುದು ಬೇಡ. ಒಳಗೆ ನೀರು ಹಾಯಿಸಿ ತೊಳೆಯಬೇಡಿ. ಸ್ನಾನ, ಊಟ, ಮನೆಗೆಲಸ ಎಲ್ಲ ಮಾಮೂಲು. ಬಾಣಂತಿಯ ಹಾಗೆ ಪಥ್ಯ ಏನೂ ಇಲ್ಲ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಇದ್ದರೆ ಕಾಯದೆ ವಾಪಸ್ ಹೋಗಿ.

ಮತ್ತೆ ಬರುತ್ತಾ ಅಂದರೆ, ಕೆಲವರಿಗೆ ಬರುತ್ತದೆ. ಬಂದರೆ ಮತ್ತೆ ತೆಗೆಯಬಹುದು.

ಗರ್ಭಿಣಿ ಇದ್ದೀನಿ, ಪಾಲಿಪ್ ಕಾಣ್ತಿದೆ.

ಸಾಮಾನ್ಯವಾಗಿ ಹೆರಿಗೆ ಆಗುವವರೆಗೆ ಮುಟ್ಟುವುದಿಲ್ಲ. ತುಂಬಾ ರಕ್ತ ಅಥವಾ ಅನುಮಾನ ಇದ್ದರೆ ಮಾತ್ರ ಯೋಚನೆ ಮಾಡುತ್ತಾರೆ. ಬಸುರಿಯಲ್ಲಿ ರಕ್ತ ಕಂಡಾಗ "ಪಾಲಿಪ್‌ನಿಂದಲೇ" ಅಂತ ನೀವೇ ಅಂದುಕೊಳ್ಳಬೇಡಿ, ಪ್ರತಿ ಸಲವೂ ತೋರಿಸಿ.

ಮಕ್ಕಳಾಗೋದಕ್ಕೆ ಅಡ್ಡಿ ಆಗುತ್ತಾ?

ಸಣ್ಣದರಿಂದ ಇಲ್ಲ. ದೊಡ್ಡದು ಕಂಠದ ದಾರಿಯನ್ನೇ ಮುಚ್ಚಿದ್ದರೆ ತೆಗೆಸುವುದು ಒಳ್ಳೆಯದು. ಪಾಲಿಪ್ ತೆಗೆದರೆ ಕಂಠ ಸಡಿಲವಾಗುವುದಿಲ್ಲ.

ಸಿಐಎನ್ ಅಂತ ರಿಪೋರ್ಟ್ ಬಂದಿದೆ. ಇದೂ ದುರ್ಮಾಂಸನಾ?

ಅಲ್ಲ. ಎಚ್‌ಪಿವಿ ವೈರಸ್‌ನಿಂದ ಕಂಠದ ಕಣಗಳಲ್ಲಿ ಆಗುವ ಬದಲಾವಣೆ ಇದು. ಇನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟರೆ ವರ್ಷಗಟ್ಟಲೆ ಕಳೆದು ಆಗಬಹುದು. ಸಿಐಎನ್ ಮುಂದೆ 1 ಅಂತ ಇದ್ದರೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ, ಮತ್ತೆ ಪರೀಕ್ಷೆ ಮಾಡಿಸುತ್ತಿರಬೇಕು. 2 ಅಥವಾ 3 ಇದ್ದರೆ ಚಿಕಿತ್ಸೆ ಬೇಕು: ಕ್ರಯೋ, ಥರ್ಮಲ್, ಅಥವಾ ಕರೆಂಟಿನ ತಂತಿಯ ಉಂಗುರದಿಂದ ಆ ಪದರವನ್ನು ಕೆತ್ತಿ ತೆಗೆಯುವ ಲೀಪ್. ಇಲ್ಲಿ ಕೂಡ ಗರ್ಭಚೀಲ ಉಳಿಯುತ್ತದೆ. ಕಂಠದ ಮೇಲೆ ನರಹುಲಿಯಂಥದ್ದು ಕಂಡರೆ ಅದೂ ಎಚ್‌ಪಿವಿಯದೇ, ಆದರೆ ಬೇರೆ ತಳಿ, ಹೆಚ್ಚಾಗಿ 6 ಮತ್ತು 11. ಬಯಾಪ್ಸಿ ನೋಡಿಕೊಂಡು ಆಸಿಡ್ ಹಚ್ಚಿ ಅಥವಾ ಕ್ರಯೋದಿಂದ ತೆಗೆಯುತ್ತಾರೆ.

ಏನೂ ತೊಂದರೆ ಇಲ್ಲದವರೂ ತಪಾಸಣೆ ಮಾಡಿಸಬೇಕಾ? ಎಲ್ಲಿ?

30ರಿಂದ 65 ವರ್ಷದವರೆಗೆ ಐದು ವರ್ಷಕ್ಕೊಮ್ಮೆ ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಕಂಠಕ್ಕೆ ವಿನೆಗರ್‌ನಂಥ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ಅನುಮಾನದ ಜಾಗ ಬೆಳ್ಳಗಾಗುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಮಾಡಬಹುದು. ಬೆಂಗಳೂರಿನ ಕಿದ್ವಾಯಿ, ವಾಣಿ ವಿಲಾಸ, ಮೈಸೂರಿನ ಚೆಲುವಾಂಬದಂಥ ಸರ್ಕಾರಿ ಆಸ್ಪತ್ರೆಗಳಿವೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಬಹುದು. ಗಂಡು ಡಾಕ್ಟರ್ ನೋಡುವಾಗ ಜೊತೆಯಲ್ಲಿ ಒಬ್ಬ ಹೆಂಗಸು ಇರಲೇಬೇಕು. ಮದುವೆ ಆಗದವರು ನಾಚಿಕೊಂಡು ರಕ್ತಸ್ರಾವ ಮುಚ್ಚಿಡಬೇಡಿ, ನಿಮಗೆ ಸ್ಕ್ಯಾನಿಂಗ್‌ನಿಂದ ಶುರು ಮಾಡುತ್ತಾರೆ.

ಗಂಡ ಅನುಮಾನ ಪಡ್ತಾರೆ, ಸೇರಿದಾಗ ರಕ್ತ ಬಂತು ಅಂತ.

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ಇಳಿಯುತ್ತದೆ. ಪಾಲಿಪ್ ಯಾರ ನಡತೆಯಿಂದಲೂ ಬರುವುದಿಲ್ಲ, ಅಂಟುರೋಗವೂ ಅಲ್ಲ. ಗಂಡನನ್ನೂ ಒಳಗೆ ಕರೆಸಿ ಡಾಕ್ಟರ್ ಬಾಯಿಂದಲೇ ಹೇಳಿಸಿ. ನರ್ಸ್‌ಗೆ ಒಂದು ಮಾತು ಹೇಳಿದರೆ ಸಾಕು, ಅವರು ಏರ್ಪಾಟು ಮಾಡುತ್ತಾರೆ.

ಬಯಾಪ್ಸಿ ಯಾಕೆ? ತೆಗೆದಾಯ್ತಲ್ಲ! ರಿಪೋರ್ಟ್ ತರೋಕೆ ಮತ್ತೆ ಬರಬೇಕಾ?

ಬರಬೇಕು. ತೆಗೆದ ತುಂಡು ಎಷ್ಟೇ ಚಿಕ್ಕದಿರಲಿ, ಫಾರ್ಮಾಲಿನ್ ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಬೇಕು. ಕಣ್ಣಲ್ಲಿ ನೋಡಿ "ಸಾಧಾರಣದ್ದು" ಅನ್ನಬಹುದು, ಖಾತ್ರಿಯಾಗುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ. ರಿಪೋರ್ಟ್‌ನಲ್ಲಿ "ಎಂಡೋಸರ್ವೈಕಲ್ ಪಾಲಿಪ್" ಅಂದರೆ ನಾವು ಮಾತಾಡಿದ ಆ ಮೆತ್ತನೆ ಮಾಂಸವೇ. "ಕ್ರಾನಿಕ್ ಸರ್ವಿಸೈಟಿಸ್", "ಸ್ಕ್ವೇಮಸ್ ಮೆಟಾಪ್ಲೇಸಿಯಾ" ಅನ್ನುವ ಮಾತುಗಳು ಬಹಳ ಜನರ ರಿಪೋರ್ಟ್‌ನಲ್ಲಿರುತ್ತವೆ, ಅವು ಕ್ಯಾನ್ಸರ್ ಅಲ್ಲ. "ಡಿಸ್‌ಪ್ಲೇಸಿಯಾ" (ಕಣಗಳಲ್ಲಿ ಅಸಹಜ ಬದಲಾವಣೆ) ಅಂತ ಇದ್ದರೆ ಮುಂದಿನ ಪರೀಕ್ಷೆ ಬೇಕು.

ನಮ್ಮ ಓಪಿಡಿಯ ಡ್ರಾಯರ್‌ನಲ್ಲಿ ಯಾರೂ ಒಯ್ಯದ ರಿಪೋರ್ಟ್‌ಗಳ ಒಂದು ಕಟ್ಟೇ ಇರುತ್ತಿತ್ತು. ನೋವು ಹೋಯ್ತು, ಬಸ್ ಚಾರ್ಜ್ ಯಾಕೆ ದಂಡ ಅಂತ ಬರುತ್ತಿರಲಿಲ್ಲ. ಒಂದು ಸಲ ಆ ಕಟ್ಟಿನಲ್ಲಿ ಒಂದು ರಿಪೋರ್ಟ್ ಸರಿ ಇರಲಿಲ್ಲ. ಚೀಟಿಯಲ್ಲಿದ್ದ ನಂಬರ್‌ಗೆ ಫೋನ್ ಹೋಗಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದು, ಅವರು ಮನೆ ಹುಡುಕಿ, ಮೂರು ವಾರದ ಮೇಲೆ ಆ ತಾಯಿ ಬಂದರು. ಇನ್ನೂ ಶುರುವಿನ ಹಂತ, ಚಿಕಿತ್ಸೆ ಆಯಿತು. ಅವತ್ತಿನಿಂದ ನಾನು ಪ್ರತಿಯೊಬ್ಬರ ಹತ್ತಿರ ಎರಡು ಫೋನ್ ನಂಬರ್ ಬರೆಸಿಕೊಳ್ಳುತ್ತಿದ್ದೆ, ಒಂದು ನಿಮ್ಮದು, ಇನ್ನೊಂದು ಫೋನ್ ಖಂಡಿತ ಎತ್ತುವವರದು. ನೀವೂ ಎರಡು ಬರೆಸಿ ಬನ್ನಿ.